ಮುಟ್ಟಿನ ದಿನಗಣನೆ ಮತ್ತು ಔಷಧದ ಪರವಾನಗಿ: ಭಾರತದಲ್ಲಿ ಲೆಟ್ರೋಜೋಲ್ ನಿಷೇಧದ ಪರಿಶೀಲನೆ

ಸಂತಾನಹೀನತೆಯ ಚಿಕಿತ್ಸೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪ್ರನಾಳ ಶಿಶುವಿನ ತಂತ್ರಜ್ಞಾನದ ಸುತ್ತಲೇ ನಡೆಯುವುದರಿಂದ, ಅದಕ್ಕಿಂತ ಎಷ್ಟೋ ಹೆಚ್ಚು ಮಂದಿ ಬಳಸುವ ಅಂಡೋತ್ಪತ್ತಿಯ ಮಾತ್ರೆಗಳು ಮತ್ತು ಅವು ರೋಗಿಯ ಕೈ ಸೇರುವ ಬಗೆ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಈ ಮಾತ್ರೆಗಳನ್ನು ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಐದು ದಿನ ತೆಗೆದುಕೊಳ್ಳುವುದು ರೂಢಿಯಾಗಿದ್ದು, ಆ ದಿನಗಳಲ್ಲಿ ಔಷಧ ಸಿಗದಿದ್ದರೆ ಆ ತಿಂಗಳ ಚಿಕಿತ್ಸೆಯೇ ಕೈತಪ್ಪುತ್ತದೆ. ಔಷಧ ನಿಯಂತ್ರಣದ ಒಂದು ತೀರ್ಮಾನ ಇಂಥ ದಿನಗಣನೆಯೊಳಗೆ ಹೇಗೆ ಕೈಹಾಕಬಲ್ಲದು ಎಂಬುದಕ್ಕೆ 2011ರಿಂದ 2017ರವರೆಗೆ ಭಾರತದಲ್ಲಿ ಜಾರಿಯಲ್ಲಿದ್ದ ಲೆಟ್ರೋಜೋಲ್ ನಿಷೇಧ ಒಳ್ಳೆಯ ನಿದರ್ಶನ.

ಲೆಟ್ರೋಜೋಲ್ ಮೂಲತಃ ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರಿಗೆಂದು ಬಂದ ಔಷಧ. ದೇಹದಲ್ಲಿ ಈಸ್ಟ್ರೋಜನ್ ತಯಾರಾಗಲು ಬೇಕಾದ ಅರೋಮಟೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಈಸ್ಟ್ರೋಜನ್ ಇಳಿದದ್ದನ್ನು ಗ್ರಹಿಸಿದ ಮಿದುಳಿನ ಪಿಟ್ಯುಟರಿ ಗ್ರಂಥಿಯು ಅಂಡಾಶಯದ ಕೋಶಕಗಳನ್ನು, ಅಂದರೆ ಅಂಡಾಣುವನ್ನು ಹೊತ್ತ ಸಣ್ಣ ನೀರುಗುಳ್ಳೆಗಳನ್ನು ಬೆಳೆಸುವ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಈ ಗುಣವನ್ನು ಅಂಡೋತ್ಪತ್ತಿಗೆ ಬಳಸಬಹುದೆಂದು ಮಿತ್ವಾಲಿ ಮತ್ತು ಕ್ಯಾಸ್ಪರ್ ಎಂಬ ವೈದ್ಯರು 2001ರಲ್ಲಿ ಟೊರಾಂಟೋದಿಂದ ವರದಿ ಮಾಡಿದರು. ಅದುವರೆಗೆ ಬಳಕೆಯಲ್ಲಿದ್ದ ಕ್ಲೋಮಿಫೀನ್ ದೇಹದಲ್ಲಿ ವಾರಗಟ್ಟಲೆ ಉಳಿದು ಗರ್ಭಕೋಶದ ಒಳಪದರವನ್ನು ತೆಳುವಾಗಿಸುವ ಸಾಧ್ಯತೆಯಿದ್ದರೆ, ಲೆಟ್ರೋಜೋಲಿನ ಪ್ರಮಾಣ ಸುಮಾರು ಎರಡು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ.

ಔಷಧದ ಮೇಲಿನ ಸಂದೇಹ ಹುಟ್ಟಿದ್ದು 2005ರಲ್ಲಿ, ಅಮೆರಿಕದ ಸಂತಾನಶಾಸ್ತ್ರ ಸಂಘದ ಸಮ್ಮೇಳನದಲ್ಲಿ ಮಂಡಿತವಾದ ಒಂದು ಸಾರಾಂಶದಿಂದ. ಲೆಟ್ರೋಜೋಲ್ ಪಡೆದ ತಾಯಂದಿರ ಸುಮಾರು 150 ಶಿಶುಗಳನ್ನು ಅಪಾಯ ಕಡಿಮೆಯಿದ್ದ ಸುಮಾರು 36,000 ಹೆರಿಗೆಗಳೊಂದಿಗೆ ಹೋಲಿಸಿ, ಮೊದಲ ಗುಂಪಿನಲ್ಲಿ ಕೆಲವು ಜನ್ಮಜಾತ ದೋಷಗಳು ಹೆಚ್ಚೆಂದು ಅದು ಹೇಳಿತ್ತು. ಸಂತಾನಹೀನತೆಗೆ ಚಿಕಿತ್ಸೆ ಪಡೆದವರನ್ನು ಸಹಜವಾಗಿ ಬಸಿರಾದವರೊಂದಿಗೆ ತೂಗಿದ ಈ ಹೋಲಿಕೆ ಮೊದಲೇ ಸಡಿಲವಾದದ್ದು. ಮರುವರ್ಷವೇ ತುಲಾಂಡಿ ಮತ್ತು ಸಂಗಡಿಗರು 911 ನವಜಾತ ಶಿಶುಗಳನ್ನು ಪರಿಶೀಲಿಸಿ, ಲೆಟ್ರೋಜೋಲ್ ಗುಂಪಿನಲ್ಲಿ ಶೇ. 2.4ರಷ್ಟು ಮತ್ತು ಕ್ಲೋಮಿಫೀನ್ ಗುಂಪಿನಲ್ಲಿ ಶೇ. 4.8ರಷ್ಟು ದೋಷಗಳನ್ನು ಕಂಡರು. ದಿನಗಣನೆಯೂ ಇದಕ್ಕೆ ಪೂರಕವಾಗಿಯೇ ಇದೆ: ಏಳನೆಯ ದಿನಕ್ಕೆ ಮಾತ್ರೆ ನಿಂತು, ಹದಿನಾಲ್ಕರ ಸುಮಾರಿಗೆ ಅಂಡಾಣು ಬಿಡುಗಡೆಯಾಗಿ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳಲು ಇನ್ನೊಂದು ವಾರ ಹಿಡಿಯುವುದರಿಂದ, ಅಂಗಾಂಗಗಳು ರೂಪುಗೊಳ್ಳುವ ವೇಳೆಗೆ ಔಷಧ ಬಹುತೇಕ ದೇಹದಿಂದ ಹೊರಹೋಗಿರುತ್ತದೆ.

ಭಾರತದಲ್ಲಿ ಈ ಬಳಕೆಗೆ 2007ರಲ್ಲಿ ಅನುಮತಿ ದೊರೆಯಿತು. ಸಾಕಷ್ಟು ದತ್ತಾಂಶವಿಲ್ಲದೆ ಕೊಟ್ಟ ಅನುಮತಿಯೆಂಬ ಆಕ್ಷೇಪ ಬೆಳೆದು, 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ಎ ಕಲಮಿನಡಿ ಸಂತಾನಹೀನತೆಗೆ ಲೆಟ್ರೋಜೋಲ್ ಬಳಸುವುದನ್ನು ನಿಷೇಧಿಸಿತು. ಆಕ್ಷೇಪ ನ್ಯಾಯವಾದದ್ದೇ, ಆದರೆ ದತ್ತಾಂಶದ ಕೊರತೆಗೆ ಮದ್ದು ಇನ್ನಷ್ಟು ದತ್ತಾಂಶವನ್ನು ಕೂಡಿಸುವುದೇ ಹೊರತು ಬಾಗಿಲು ಮುಚ್ಚುವುದಲ್ಲ. ನಿಷೇಧವಾದದ್ದು ಬಳಕೆಗೇ ಹೊರತು ಮಾತ್ರೆಗಲ್ಲ ಎಂಬುದನ್ನು ಗಮನಿಸಬೇಕು. ಕ್ಯಾನ್ಸರ್ ಔಷಧವಾಗಿ ಅದೇ 2.5 ಮಿಲಿಗ್ರಾಂ ಮಾತ್ರೆ ಮೆಡಿಕಲ್ ಅಂಗಡಿಗಳ ಕಪಾಟಿನಲ್ಲಿ ಉಳಿಯಿತು; ಅದನ್ನು ಅಂಡೋತ್ಪತ್ತಿಗೆ ಬರೆದುಕೊಡುವ ಅವಕಾಶ ಮಾತ್ರ ವೈದ್ಯರ ಕೈತಪ್ಪಿತು.

ಕ್ಲೋಮಿಫೀನಿಗೆ ಸ್ಪಂದಿಸದ ಪಿಸಿಓಎಸ್ ರೋಗಿಗೆ, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡೋತ್ಪತ್ತಿ ತಪ್ಪುವ ಮಹಿಳೆಗೆ, ಆಗ ಉಳಿದ ಮುಖ್ಯ ದಾರಿಗಳೆಂದರೆ ಗೊನಡೋಟ್ರೋಪಿನ್ ಚುಚ್ಚುಮದ್ದು ಮತ್ತು ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ. ಮಾತ್ರೆಯಿಂದ ಚುಚ್ಚುಮದ್ದಿಗೆ ಸರಿಯುವುದೆಂದರೆ ಬರಿಯ ಔಷಧದ ಬದಲಾವಣೆಯಲ್ಲ. ಈ ಚುಚ್ಚುಮದ್ದುಗಳಲ್ಲಿ ಅನೇಕವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕಾದ್ದರಿಂದ, ದೂರದ ಊರಿನ ರೋಗಿ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಅವನ್ನು ಬಸ್ಸಿನಲ್ಲಿ ಒಯ್ದು, ಮನೆಯ ಫ್ರಿಜ್ಜಿನಲ್ಲಿಟ್ಟು, ಕರೆಂಟ್ ಹೋದಾಗ ಅದರ ಕಾಳಜಿಯನ್ನೂ ಮಾಡಬೇಕು. ಕೋಶಕಗಳು ಒಮ್ಮೆಗೇ ಹಲವು ಬೆಳೆದರೆ ಅವಳಿ ತ್ರಿವಳಿ ಗರ್ಭದ ಅಪಾಯವಿರುವುದರಿಂದ ಸ್ಕ್ಯಾನ್‌ಗಳೂ ಹೆಚ್ಚುತ್ತವೆ, ಸ್ಕ್ಯಾನ್ ಹೆಚ್ಚಿದಷ್ಟೂ ಕೂಲಿ ಅಥವಾ ರಜೆ ಕಳೆಯುತ್ತದೆ. ಒಂದು ಮಾತ್ರೆಯನ್ನು ಮುಟ್ಟದ ಹಾಗೆ ಮಾಡಿದ ಆದೇಶದ ನಿಜವಾದ ಬೆಲೆಯನ್ನು ಇಂಥ ವೆಚ್ಚಗಳಲ್ಲಿ ಹುಡುಕಬೇಕು.

ನಿಷೇಧ ಜಾರಿಯಲ್ಲಿದ್ದಾಗಲೇ, 2014ರಲ್ಲಿ, ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು: ಜೀವಂತ ಶಿಶುಜನನದ ಪ್ರಮಾಣ ಲೆಟ್ರೋಜೋಲ್ ಪಡೆದವರಲ್ಲಿ ಶೇ. 27.5, ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1. ಭಾರತದಲ್ಲಿ ನಿಷೇಧ ತೆರವಾದದ್ದು 2017ರಲ್ಲಿ. ಮರುವರ್ಷದ ಅಂತರರಾಷ್ಟ್ರೀಯ ಮಾರ್ಗಸೂಚಿ ಪಿಸಿಓಎಸ್‌ನಲ್ಲಿ ಅಂಡೋತ್ಪತ್ತಿಗೆ ಇದನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಅಮೆರಿಕದ ಔಷಧ ನಿಯಂತ್ರಕರಾದರೋ ಸಂತಾನಹೀನತೆಗೆಂದು ಈ ಔಷಧಕ್ಕೆ ಅನುಮೋದನೆಯನ್ನೂ ಕೊಟ್ಟಿರಲಿಲ್ಲ, ನಿಷೇಧವನ್ನೂ ಹೇರಿರಲಿಲ್ಲ. ವೈದ್ಯರ ವಿವೇಚನೆಗೆ ಬಿಟ್ಟ ಆ ನಡುದಾರಿಯಲ್ಲಿಯೇ ಮೇಲಿನ ಪ್ರಯೋಗ ಸಾಧ್ಯವಾಯಿತು.