ಕಾಲಕಾಲೇಶ್ವರದ ಕಣಿವೆಯ ಸದ್ದು

ನಮ್ಮ ರೋಣ-ಗಜೇಂದ್ರಗಡ ಸೀಮೆಯ ಇತಿಹಾಸಕ್ಕೆ ದಾಖಲೆಗಳ ಬರವಿಲ್ಲ. ಸೂಡಿಗೆ ಹೋದರೆ ಜೋಡುಕಳಸದ ಗುಡಿ, ನಾಗಕುಂಡ, ಜೊತೆಗೆ ಶಾಸನಗಳು. ಹನ್ನೊಂದನೇ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತರ ನಾಡು ಇದು. ಯಾವ ಗುಡಿಗೆ ಯಾರು ದಾನ ಕೊಟ್ಟರು ಅನ್ನೋದನ್ನು ಕಲ್ಲು ಇವತ್ತಿಗೂ ಹೇಳುತ್ತೆ. ಆದರೆ ಆ ಕಾಲದ ಒಂದು ಬೆಳಗಿನ ಸದ್ದು? ಅದನ್ನು ಹಿಡಿದಿಡೋದು ಕಲ್ಲಿಗೆ ಆಗದ ಮಾತು.

ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸೋ ಯಂತ್ರ ಬಂದದ್ದು 1877ರಲ್ಲಿ, ಎಡಿಸನ್ನನ ಫೋನೋಗ್ರಾಫ್. ಹನ್ನೆರಡು ವರ್ಷದ ನಂತರ, 1889ರಲ್ಲಿ, ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಎಂಟು ವರ್ಷದ ಹುಡುಗ ತಾನು ಸಾಕಿದ್ದ ಹಕ್ಕಿಯ ಹಾಡನ್ನು ಮೇಣದ ಸಿಲಿಂಡರಿಗೆ ಇಳಿಸಿದ. ನಮಗೆ ತಿಳಿದಿರುವ ಹಕ್ಕಿದನಿಯ ರೆಕಾರ್ಡಿಂಗುಗಳಲ್ಲಿ ಅದೇ ಮೊದಲನೆಯದು. ಯಾವ ಹಕ್ಕಿ ಗೊತ್ತಾ? ಶಾಮಾ! ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇರುವ ಹಕ್ಕಿ.

ನಮ್ಮ ಕಡೆಗೂ ರೆಕಾರ್ಡು ಬಂತು, ಆದರೆ ಹಾಡಿಗಾಗಿ. ರೋಣದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಮರುಳಾದರು. 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಯನ್ನೇ ಬಿಟ್ಟರು. ಅವರು ತೀರಿಕೊಂಡದ್ದು 2011ರಲ್ಲಿ. ಅವರ ಬಸಂತ್ ರಾಗವನ್ನು ಬೇಕೆಂದಾಗ ಕೇಳಬಹುದು. ಅವರ ಬಾಲ್ಯದ ರೋಣದ ವಸಂತವನ್ನು ಕೇಳಬೇಕೆಂದರೆ ಎಲ್ಲಿಂದ ತರೋದು?

ಇದು ಬರೀ ಹಳೆಯ ನೆನಪಿನ ಮೋಹ ಅಲ್ಲ. 1988ರಲ್ಲಿ ಬರ್ನಿ ಕ್ರೌಸ್ ಅನ್ನುವವರು ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋ ಎಂಬ ಬೆಟ್ಟದ ಹುಲ್ಲುಗಾವಲಿನಲ್ಲಿ ಬೆಳಗಿನ ಸದ್ದು ರೆಕಾರ್ಡ್ ಮಾಡಿದರು. ಆಮೇಲೆ ಅಲ್ಲಿ ಮರಗಳನ್ನು ಆರಿಸಿ ಕಡಿದರು. ಮರುವರ್ಷ ಹೋದರೆ ಜಾಗ ನೋಡೋಕೆ ಹಾಗೇ ಇತ್ತು, ಫೋಟೋದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ರೆಕಾರ್ಡಿಂಗಿನಲ್ಲಿ ಮಾತ್ರ ಹಕ್ಕಿದನಿ ಹೆಚ್ಚೂಕಡಿಮೆ ಮಾಯ. ಕಣ್ಣಿಗೆ ಬೀಳದ ನಷ್ಟ ಕಿವಿಗೆ ಸಿಕ್ಕಿತ್ತು. ಹಳೆಯ ಟೇಪು ಇಲ್ಲದಿದ್ದರೆ ಏನು ಹೋಯಿತು ಅನ್ನೋದೇ ತಿಳಿಯುತ್ತಿರಲಿಲ್ಲ.

ಹಾಗಾಗಿ ಈಗ ಯುಗಾದಿಗೆ ಊರಿಗೆ ಹೋದಾಗ ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರದ ಕಣಿವೆಗೆ ರೆಕಾರ್ಡರ್ ಒಯ್ಯುತ್ತೇನೆ. ಸುತ್ತ ಒಣಗಿದ ಗುಡ್ಡ, ಆದರೂ ಅಂತರಗಂಗೆಯ ನೀರು ಬೇಸಿಗೆಯಲ್ಲೂ ತೊಟ್ಟಿಕ್ಕುತ್ತಲೇ ಇರುತ್ತೆ. ಬೆಳಕು ಹರಿಯೋ ಮುಂಚೆ ಟಿಟ್ಟಿಭ, ಆಮೇಲೆ ಕೌಜುಗ, ಕೋಗಿಲೆ, ನವಿಲು. ಈ ಸೀಮೆಯ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳೂ ನಿಂತಿವೆ. ಅವುಗಳ ಸದ್ದು ಬಿದ್ದರೆ ಅಳಿಸೋದಿಲ್ಲ, ಅದೂ ನಮ್ಮ ಕಾಲದ ದಾಖಲೆಯೇ.

ಸ್ವಲ್ಪ ನಮ್ಮ ಕಸುಬಿನ ಮಾತು: ಎಂಪಿ3 ಮಾಡಿದರೆ ಕಿವಿಗೆ ಗೊತ್ತಾಗದು ಅಂತ ಸಣ್ಣ ಸದ್ದುಗಳನ್ನು ಅದು ಕತ್ತರಿಸಿಬಿಡುತ್ತೆ. ನಮಗೆ ಬೇಕಾದದ್ದೇ ಆ ಸಣ್ಣ ಸದ್ದು! ವೇವ್ ಫೈಲಾಗಿಯೇ ಇಡಿ. 16 ಬಿಟ್, 48 ಕಿಲೋಹರ್ಟ್ಜ್, ಸ್ಟೀರಿಯೋ ಆದರೆ ಒಂದು ಗಂಟೆಗೆ ಸುಮಾರು 690 ಎಂಬಿ. ಮೈಕಿಗೆ ಗಾಳಿ ಹೊಡೆಯದಂತೆ ಸ್ಪಂಜು ಹಾಕಿ. ಕೊನೆಯಲ್ಲಿ ಊರು, ತಾರೀಕು, ಹೊತ್ತು ಎಲ್ಲವನ್ನೂ ಬಾಯಲ್ಲೇ ಹೇಳಿಬಿಡಿ. ತಾರೀಕಿಲ್ಲದ ರೆಕಾರ್ಡಿಂಗ್ ಅಂದರೆ ಅಕ್ಷರ ಸವೆದ ಶಾಸನ ಇದ್ದ ಹಾಗೆ.

ಮುಂದಿನ ಯುಗಾದಿಗೆ ನೀವೂ ನಿಮ್ಮೂರಿನ ಹತ್ತು ನಿಮಿಷ ಹಿಡಿದಿಡ್ತೀರಾ?