ಗೋವೈದ್ಯದ ಓಲೆ, ಕೊಟ್ಟಿಗೆಯ ಇರುಳು

ಚಿಕಿತ್ಸೆಗೆ ನಾಲ್ಕು ಪಾದಗಳಿವೆ ಎಂಬುದು ಆಯುರ್ವೇದದ ಪ್ರಸಿದ್ಧ ನಿರೂಪಣೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ ಇವರೇ ಆ ನಾಲ್ಕು ಪಾದಗಳು. ಚರಕಸಂಹಿತೆ ಇವುಗಳಲ್ಲಿ ಒಂದೊಂದಕ್ಕೂ ನಾಲ್ಕು ಗುಣಗಳನ್ನು ಎಣಿಸಿದೆ. ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಇವು ಪರಿಚಾರಕನ ಗುಣಗಳು. ನೆನಪು, ಹೇಳಿದಂತೆ ನಡೆಯುವಿಕೆ, ನಿರ್ಭಯತೆ, ತನ್ನ ಬೇನೆಯನ್ನು ತಿಳಿಸಬಲ್ಲ ಶಕ್ತಿ ಇವು ರೋಗಿಯ ಗುಣಗಳು. ಈಗ ರೋಗಿಯ ಸ್ಥಾನದಲ್ಲಿ ಕೊಟ್ಟಿಗೆಯ ಹಸುವೊಂದನ್ನು ಇಟ್ಟು ನೋಡಿದರೆ ಈ ಚೌಕಟ್ಟೇ ಅಲುಗಾಡುತ್ತದೆ. ಹಸು ತನ್ನ ನೋವನ್ನು ಹೇಳದು. ನಿನ್ನೆ ಏನು ಮೇಯಿತೆಂಬುದನ್ನು ತಿಳಿಸದು. ಮದ್ದು ಕುಡಿಯಲು ಒಪ್ಪದು. ಅಪರಿಚಿತನನ್ನು ಕಂಡರೆ ಬೆದರುತ್ತದೆ. ನಾಲ್ಕನೆಯ ಪಾದದ ನಾಲ್ಕು ಗುಣಗಳೂ ಇಲ್ಲಿ ಇಲ್ಲ. ಆ ಕೊರತೆಯನ್ನೆಲ್ಲ ಮೂರನೆಯ ಪಾದವಾದ ಪರಿಚಾರಕನೇ ತುಂಬಬೇಕಾಗುತ್ತದೆ. ಪಶುವೈದ್ಯದ ಇತಿಹಾಸವನ್ನು ಗ್ರಂಥಗಳಿಂದಲೂ ಸಂಸ್ಥೆಗಳಿಂದಲೂ ಬರೆಯುವುದು ವಾಡಿಕೆ. ಈ ಮೂರನೆಯ ಪಾದದ ಕಡೆಯಿಂದ ನೋಡಿದವರು ವಿರಳ.

ಪ್ರಾಚೀನ ಪಶುವೈದ್ಯ ಗ್ರಂಥಗಳಲ್ಲಿ ಮೊದಲ ಮನ್ನಣೆ ದೊರೆತದ್ದು ಯುದ್ಧಕ್ಕೆ ಬೇಕಾದ ಪ್ರಾಣಿಗಳಿಗೆ. ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರನ ಪರಂಪರೆ. ಕನ್ನಡ ನಾಡಿನ ಗಂಗರು ಗಜವಿದ್ಯೆಗೆ ಹೆಸರಾದವರು. ಗಂಗ ದೊರೆ ಶಿವಮಾರನ ಗಜಾಷ್ಟಕವು ಓವನಿಗೆಯಾಗಿಯೂ ಒನಕೆವಾಡಾಗಿಯೂ ಜನರ ಬಾಯಲ್ಲಿತ್ತೆಂದು ಶಾಸನವೇ ಹೇಳುತ್ತದೆ. ಆನೆಯ ಶಾಸ್ತ್ರ ಭತ್ತ ಕುಟ್ಟುವ ಹೆಂಗಸರ ಹಾಡಾದ ಈ ಸಂಗತಿ ಸೋಜಿಗದ್ದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲೂ ಆನೆ ಕುದುರೆಗಳ ಪಾಲನೆಗೆ ದೊಡ್ಡ ಸ್ಥಳವಿದೆ. ಕನ್ನಡದಲ್ಲಿ ಸುಮಾರು 1400ರ ಹೊತ್ತಿಗೆ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಆನೆ ಕುದುರೆಗಳ ಬೆಲೆ ಅರಮನೆಯ ಲೆಕ್ಕಕ್ಕೆ ಸೇರಿದುದರಿಂದ ಅವುಗಳ ಕಾಯಿಲೆಯೂ ಅರಮನೆಯ ಚಿಂತೆಯಾಯಿತು. ಹಸುವಿನ ಕಾಯಿಲೆ ಅದನ್ನು ಕಟ್ಟಿಕೊಂಡ ಮನೆಯ ಚಿಂತೆ ಮಾತ್ರ.

ಈ ಹಿನ್ನೆಲೆಯಲ್ಲಿ ಕೀರ್ತಿವರ್ಮನ ಗೋವೈದ್ಯಕ್ಕೆ ವಿಶೇಷ ಮಹತ್ವವಿದೆ. ಚಾಲುಕ್ಯ ವಂಶದ ಈ ಜೈನ ರಾಜಪುತ್ರನು ಆಹವಮಲ್ಲ ಸೋಮೇಶ್ವರನ ಮಗನೆಂದೂ ಆರನೆಯ ವಿಕ್ರಮಾದಿತ್ಯನ ತಮ್ಮನೆಂದೂ ಸಾಹಿತ್ಯ ಚರಿತ್ರೆಕಾರರು ಗುರುತಿಸಿದ್ದಾರೆ. ಕೃತಿಯ ಕಾಲ ಸುಮಾರು 1125. ದನದ ರೋಗಗಳನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಮೊದಲ ಸ್ವತಂತ್ರ ಗ್ರಂಥವಿದು. ಅಣ್ಣನು ಸಾಮ್ರಾಜ್ಯವಾಳುತ್ತಿದ್ದಾಗ ತಮ್ಮನು ಹಸುವಿನ ಬೇನೆಗೆ ಮದ್ದು ಬರೆದನೆಂಬುದನ್ನು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಬಿಲ್ಹಣನ ಕಾವ್ಯಕ್ಕೆ ನಾಯಕನಾದ ಅಣ್ಣನಿಗೆ ಸಂದ ಪುಟಗಳ ಒಂದಂಶವೂ ತಮ್ಮನಿಗೆ ಸಂದಿಲ್ಲ.

ಆ ಒಂದು ಸಾಲಿನಲ್ಲೂ ಒಂದು ಟೀಕೆ ಸೇರಿಕೊಂಡಿದೆ. ಗೋವೈದ್ಯದಲ್ಲಿ ಅರ್ಧ ಮದ್ದು, ಅರ್ಧ ಮಂತ್ರ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದ ಅಭಿಪ್ರಾಯ. ಅಭಿಪ್ರಾಯ ನಿರಾಧಾರವಲ್ಲ. ಮಂತ್ರದಿಂದ ಹೊಟ್ಟೆಯುಬ್ಬರ ಇಳಿಯದು, ಗಳಲೆ ರೋಗ ಮಣಿಯದು. ಆದರೂ ಮಂತ್ರಭಾಗವನ್ನು ಕಸವೆಂದು ಗುಡಿಸಿಹಾಕುವ ಮೊದಲು ಒಂದು ಮಾತನ್ನು ಯೋಚಿಸಬೇಕು. ಮಂತ್ರ ಹೇಳುವವನು ಹಸುವಿನ ಬಳಿಯಲ್ಲಿ ಇರಲೇಬೇಕು; ಹೊತ್ತು ತಿಳಿದು ಮತ್ತೆ ಬರಬೇಕು; ಮೈಮೇಲೆ ಕೈಯಾಡಿಸಬೇಕು. ಇವೆಲ್ಲ ಶುಶ್ರೂಷೆಯ ಕ್ರಿಯೆಗಳೇ. ಮಂತ್ರಕ್ಕೆ ಗುಣಮಾಡುವ ಬಲವಿಲ್ಲದಿದ್ದರೂ ಪರಿಚಾರಕನನ್ನು ರೋಗಿಯ ಪಕ್ಕದಲ್ಲಿ ಕೂರಿಸುವ ಬಲವಿದ್ದೀತು. ಇದನ್ನು ಮಂತ್ರದ ಸಮರ್ಥನೆಯೆಂದು ಭಾವಿಸಬೇಕಾಗಿಲ್ಲ. ಮಂತ್ರವನ್ನು ನಂಬಿ ಮದ್ದನ್ನು ಮರೆತ ಕೊಟ್ಟಿಗೆಗಳೂ ಇದ್ದಿರಲೇಬೇಕು.

ಕೀರ್ತಿವರ್ಮನಿಗಿಂತ ಒಂದು ಶತಮಾನ ಮೊದಲೇ, ಸುಮಾರು 1025ರಲ್ಲಿ, ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಲೋಕೋಪಕಾರದಲ್ಲಿ ನೀರು ಹುಡುಕುವುದು, ಅಡುಗೆ, ವೃಕ್ಷಾಯುರ್ವೇದಗಳ ಜೊತೆಗೆ ವೈದ್ಯ, ವಿಷವೈದ್ಯ ಮತ್ತು ಪಶುಲಕ್ಷಣಗಳಿಗೂ ಅಧ್ಯಾಯಗಳನ್ನು ಮೀಸಲಿಟ್ಟಿದ್ದನು. ವಿಜಯನಗರದ ಆರಂಭಕಾಲದ ಮಂಗರಾಜನ ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಗೇ ಮೀಸಲಾದ ಗ್ರಂಥ. ಹಾವು ಕಚ್ಚಿದವನ ಬಳಿ ವೈದ್ಯನಿಗೆ ಗ್ರಂಥ ತಿರುವುವಷ್ಟು ಬಿಡುವಿರುವುದಿಲ್ಲ. ವಿಷವೈದ್ಯವನ್ನು ಪದ್ಯದಲ್ಲಿ ಬರೆದದ್ದು ಬಾಯಿಪಾಠವಾಗಿ ಒದಗಲಿ ಎಂದೇ ಇರಬೇಕು. ಆಪತ್ಕಾಲದ ವೈದ್ಯಕ್ಕೆ ನೆನಪೇ ಮೊದಲ ಉಪಕರಣ.

ಜೈನ ವೈದ್ಯಪರಂಪರೆಗೆ ಇನ್ನೊಂದು ವಿಶೇಷವಿದೆ. ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಮಾಂಸದ ಬಳಕೆ ನಿರರ್ಥಕವೆಂದು ವಾದಿಸಿದ ಉಗ್ರಾದಿತ್ಯನು ತನ್ನ ಸಂಸ್ಕೃತ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ಹೊರಗಿಟ್ಟನು. ಪೂಜ್ಯಪಾದರ ಗ್ರಂಥವನ್ನು ಕನ್ನಡಿಸಿದ ಜಗದ್ದಳ ಸೋಮನಾಥನೂ ಅದೇ ದಾರಿಯಲ್ಲಿ ನಡೆದನು. ಸೋತ ದನಕ್ಕೆ ಕಳ್ಳು, ಮೊಟ್ಟೆ ಕುಡಿಸುವ ರೂಢಿಯ ಜೊತೆಗಿಟ್ಟು ನೋಡಿದರೆ ಈ ನಿಷೇಧದ ಬಿಗಿ ಅರ್ಥವಾಗುತ್ತದೆ. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವವನ್ನು ಔಷಧವಾಗಿಸಬಾರದೆಂದು ಕಟ್ಟುಮಾಡಿಕೊಂಡ ವೈದ್ಯನಿಗೆ ಉಳಿಯುವ ಸಾಧನಗಳು ಸೊಪ್ಪು, ಬೇರು, ಗಂಜಿ ಮತ್ತು ಆರೈಕೆ.

ಗ್ರಂಥಗಳಿಂದ ಬೆಟ್ಟಗಳಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಚಿಕ್ಕಮಗಳೂರಿನಿಂದ ವಸ್ತಾರೆ, ಆಲ್ದೂರು ಹಾದು ಬಾಳೆಹೊನ್ನೂರಿನ ಕಡೆಗೂ, ಮೂಡಿಗೆರೆ ಕಳಸಗಳ ಕಡೆಗೂ ಹಬ್ಬಿದ ಕಾಫಿಯ ಸೀಮೆ ದನಕ್ಕೆ ಸುಲಭದ ನೆಲೆಯಲ್ಲ. ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ, ಉಂಬಳ ಹತ್ತುತ್ತದೆ, ಹುಲ್ಲು ಸಿಗದೆ ಬೇಲಿಯ ಲಂಟಾನಕ್ಕೆ ಬಾಯಿಹಾಕಿದ ದನಕ್ಕೆ ಕಾಮಾಲೆ ಹಿಡಿದು ಮೂತಿಯ ಚರ್ಮ ಸುಲಿಯುತ್ತದೆ. ಇಂಥ ನೆಲದಲ್ಲಿ ಬಾಳಿ ಬಂದದ್ದು ಕುಳ್ಳಗಿನ ಮಲೆನಾಡು ಗಿಡ್ಡ. ಹಾಲು ಸೇರಿನ ಲೆಕ್ಕದಲ್ಲಿ ಸ್ವಲ್ಪವೇ, ಆದರೆ ಅದರ ಗೊಬ್ಬರವಿಲ್ಲದೆ ಗದ್ದೆಯೂ ಇಲ್ಲ, ತೋಟವೂ ಇಲ್ಲ. ಹುಲಿ ಚಿರತೆಗಳ ಕಾಟವಂತೂ ಹಳೆಯದು. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಳೆಯ ಸೊಸೆವೂರು, ಹೊಯ್ಸಳರ ಮೂಲಸ್ಥಾನವೆಂದೂ ಜೈನಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಯ್ದ ಸ್ಥಳವೆಂದೂ ಐತಿಹ್ಯವಿದೆ. ಆ ಹುಲಿ ರಾಜಲಾಂಛನವಾಗುವ ಮೊದಲು ಎಷ್ಟು ಕೊಟ್ಟಿಗೆಗಳನ್ನು ಮುರಿದಿತ್ತೋ ಐತಿಹ್ಯ ಹೇಳುವುದಿಲ್ಲ. ತುರುಗೋಳಿನಲ್ಲಿ ದನ ಬಿಡಿಸಲು ಹೋರಿ ಮಡಿದವನಿಗೆ ಕನ್ನಡ ನಾಡು ವೀರಗಲ್ಲು ನಿಲ್ಲಿಸಿದೆ. ಬಿಡಿಸಿ ತಂದ ದನದ ಗಾಯ ತೊಳೆದವರಿಗೆ ಕಲ್ಲಿಲ್ಲ.

ಆ ತೊಳೆಯುವವರ ವಿದ್ಯೆ ಎಂಥದು? ಹಸು ಮೆಲುಕು ನಿಲ್ಲಿಸಿತೆಂಬುದು ಮೊದಲು ಗೊತ್ತಾಗುವುದು ಕೊಟ್ಟಿಗೆ ಗುಡಿಸುವವರಿಗೆ. ಎಡ ಪಕ್ಕೆಯ ಗುಳಿಯ ಮೇಲೆ ಅಂಗೈಯಿಟ್ಟರೆ ಆರೋಗ್ಯವಾದ ಹಸುವಿನ ಮೊದಲ ಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಹೊರಳುವುದು ತಿಳಿಯುತ್ತದೆ. ಅದೇ ಗುಳಿ ತುಂಬಿ ತಮಟೆಯಂತೆ ಬಿಗಿದರೆ ಹೊಟ್ಟೆಯುಬ್ಬರ. ಉಸಿರು ಕಟ್ಟಲು ಬಹಳ ಹೊತ್ತು ಬೇಡ. ಪಶುವೈದ್ಯನು ಕೊಳವೆಯಿಂದಲೋ ಸೂಜಿಯಿಂದಲೋ ಆ ಗಾಳಿಯನ್ನು ಬಿಡುತ್ತಾನೆ. ಅವನು ಬರುವವರೆಗೆ ಹಸುವಿನ ಮುಂಗಾಲುಗಳನ್ನು ಎತ್ತರದಲ್ಲಿ ನಿಲ್ಲಿಸುವುದು, ತೇಗು ಬರಲೆಂದು ಬಾಯಿಗೆ ಅಡ್ಡ ಕಡ್ಡಿ ಕಟ್ಟುವುದು, ಮಲಗಗೊಡದಿರುವುದು ಮನೆಯವರ ಕೆಲಸ. ಬಿದಿರಿನ ಗೊಟ್ಟದಲ್ಲಿ ಮದ್ದು ಕುಡಿಸುವುದೂ ಒಂದು ಕುಶಲಕಲೆ. ತಲೆಯನ್ನು ಅತಿಯಾಗಿ ಎತ್ತಿದರೆ, ಅಥವಾ ನುಂಗಲಾರದೆ ಬಿದ್ದ ದನಕ್ಕೆ ಒತ್ತಾಯದಿಂದ ಹೊಯ್ದರೆ, ಮದ್ದು ಶ್ವಾಸಕೋಶ ಸೇರುತ್ತದೆ. ರೋಗದಿಂದ ಉಳಿಯಬಹುದಾಗಿದ್ದ ದನ ಗೊಟ್ಟದಿಂದ ಸತ್ತದ್ದುಂಟು. ಬರೆ ಹಾಕುವ ಪದ್ಧತಿಯನ್ನಂತೂ ಎಷ್ಟು ಅಭಿಮಾನವಿದ್ದರೂ ಸಮರ್ಥಿಸಲಾಗದು. ಹಳೆಯದೆಲ್ಲ ಹೊನ್ನಲ್ಲ ಎನ್ನಲು ಬರೆಯ ಗುರುತು ಹೊತ್ತ ಬೆನ್ನುಗಳೇ ಸಾಕು.

ಈ ವಿದ್ಯೆಯೆಲ್ಲ ಸೋತದ್ದು ದೊಡ್ಡರೋಗದ ಎದುರು. ರಿಂಡರ್‌ಪೆಸ್ಟ್ ಎಂದು ವೈದ್ಯರು ಕರೆದ ಈ ವೈರಸ್ ರೋಗ ಹೊಕ್ಕ ಹಟ್ಟಿ ಬರಿದಾಗುತ್ತಿತ್ತು. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ವಾರ ಹತ್ತು ದಿನದಲ್ಲಿ ಸಾವು. ಊರಿನವರು ಮಾರಿಯನ್ನು ಪೂಜಿಸಿ ಗಡಿ ದಾಟಿಸುತ್ತಿದ್ದರು. ಗಡಿಯ ಆಚೆಗೂ ಒಂದು ಊರಿತ್ತು, ಅಲ್ಲಿಯೂ ದನಗಳಿದ್ದವು ಎಂಬುದು ಆ ಪೂಜೆಯ ಲೆಕ್ಕಕ್ಕೆ ಬಂದಿರಲಿಲ್ಲ. ಇದೇ ಪಿಡುಗಿನ ಭಯ ಫ್ರಾನ್ಸಿನಲ್ಲಿ 1762ರಲ್ಲಿ ಲಿಯಾನ್ ಪಶುವೈದ್ಯ ಶಾಲೆಯ ಹುಟ್ಟಿಗೆ ಪ್ರೇರಣೆಯಾಗಿತ್ತು. ಭಾರತದಲ್ಲಿ ಇದರ ವಿಚಾರಣೆಗೆಂದು ನೇಮಿಸಿದ ಆಯೋಗ 1871ರಲ್ಲಿ ವರದಿ ಕೊಟ್ಟಿತು. ಅಮೃತ ಮಹಲಿನ ಕಾವಲುಗಳಿದ್ದ ಮೈಸೂರು ಸಂಸ್ಥಾನಕ್ಕಂತೂ ದನವೆಂದರೆ ರಾಜ್ಯದ ಸ್ವತ್ತು.

1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವೂ ಹುಟ್ಟಿತು. ಎರಡರ ಹಿಂದೆಯೂ ಇದ್ದವರು ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಕಾಫಿಯ ಕೇಂದ್ರದ ಹೆಸರು ಈ ಬೆಟ್ಟಗಳಲ್ಲಿ ಮನೆಮಾತಾಗಿದೆ. ಕಾಫಿಗೆ ಗೊಬ್ಬರ ಕೊಟ್ಟ ದನವನ್ನು ಉಳಿಸಿದ ಸೀರಂ ಸಂಸ್ಥೆಯನ್ನು ನೆನೆಯುವವರು ಕಡಿಮೆ. ರೋಗವನ್ನು ಗೆದ್ದ ದನದ ರಕ್ತದಿಂದ ತೆಗೆದ ಸೀರಂ ಇನ್ನೂ ರೋಗ ತಗಲದ ದನಕ್ಕೆ ಕೆಲವು ದಿನಗಳ ರಕ್ಷಣೆ ಕೊಡುತ್ತಿತ್ತು. ರೋಗ ಬಲಿತ ಮೇಲೆ ಮಾತ್ರ ನೀರು, ಗಂಜಿ, ನೆರಳು, ಬಾಯಿ ತೊಳೆಯುವುದು ಇಷ್ಟೇ. ದೊಡ್ಡರೋಗಕ್ಕೆ ಕೊನೆಯವರೆಗೂ ಮದ್ದು ದೊರೆಯಲಿಲ್ಲ. ಲಸಿಕೆಯಿಂದ ಅದು ಅಳಿಯಿತು. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ 1954ರಲ್ಲಿ ಆರಂಭವಾಗಿ, 2006ರಲ್ಲಿ ಭಾರತಕ್ಕೆ ರೋಗಮುಕ್ತ ದೇಶವೆಂಬ ಮನ್ನಣೆ ಬಂತು. 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಹೊಸ ತಳಿಗಳೊಂದಿಗೆ ಹೊಸ ಆಪತ್ತುಗಳು ಬಂದವು. ಗಿಡ್ಡ ದನಕ್ಕೆ ಅಪರೂಪವಾಗಿದ್ದ ಹಾಲುಜ್ವರ, ಜರ್ಸಿ ಮತ್ತು ಎಚ್‌ಎಫ್ ಮಿಶ್ರತಳಿಗಳೊಂದಿಗೆ ಪರಿಚಿತ ಕಾಯಿಲೆಯಾಯಿತು. ಹೆಸರಿಗೆ ಜ್ವರವಾದರೂ ಇದರಲ್ಲಿ ಮೈ ತಣ್ಣಗಾಗುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ರಕ್ತದ ಕ್ಯಾಲ್ಸಿಯಂ ಇಳಿದು, ಕಿವಿ ತಣ್ಣಗಾಗಿ, ಹಸು ಕುಸಿದು ಕತ್ತನ್ನು ಪಕ್ಕೆಗೆ ಹೊರಳಿಸಿ ಮಲಗುತ್ತದೆ. 1897ರಲ್ಲಿ ಡೆನ್ಮಾರ್ಕಿನ ಸ್ಮಿಟ್ ಎಂಬ ಪಶುವೈದ್ಯ ಕೆಚ್ಚಲಿಗೆ ದ್ರಾವಣ ಹಾಯಿಸಿ ಇಂಥ ಹಸುಗಳನ್ನು ಎಬ್ಬಿಸಿದನು; ಆಮೇಲೆ ಬರಿಯ ಗಾಳಿ ತುಂಬಿದರೂ ಸಾಕೆಂದು ಕಂಡಿತು. ಕಾರಣ ತಿಳಿದದ್ದು 1920ರ ದಶಕದಲ್ಲಿ, ಕ್ಯಾಲ್ಸಿಯಂ ಕೊರತೆ ಗೊತ್ತಾದ ಮೇಲೆ. ಈಗ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಹರಿಸಿದರೆ ಹಲವು ಹಸುಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತವೆ. ಅವಸರದಿಂದ ಹರಿಸಿದರೆ ಹೃದಯವೇ ನಿಲ್ಲಬಹುದು.

ಏಳದ ಹಸುವಿನ ವಿಷಯ ಕಠಿಣವಾದದ್ದು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದೆ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಸಾವಿನ ಸೂಜಿಮದ್ದು ಕೊಡಿಸಿದರು. ದೊಡ್ಡ ವಿವಾದವೆದ್ದಿತು, ಜೈನರಲ್ಲಿ ಅನೇಕರು ಇದು ಅಹಿಂಸೆಯಲ್ಲವೆಂದು ಖಂಡಿಸಿದರು. ನೋವು ಬಿಡಿಸುವುದೇ ಇಲ್ಲಿ ಅಹಿಂಸೆಯೆಂಬುದು ಗಾಂಧೀಜಿಯ ವಾದ. ಆ ಪ್ರಾಣಿಯ ಆಯುಷ್ಯವನ್ನು ಕತ್ತರಿಸಲು ನಾವು ಯಾರು ಎಂಬುದು ವಿರೋಧಿಗಳ ಪ್ರಶ್ನೆ. 1960ರ ಪ್ರಾಣಿಹಿಂಸಾ ತಡೆ ಕಾಯಿದೆ ಬದುಕಿಸಿಡುವುದೇ ಕ್ರೌರ್ಯವಾಗುವಂಥ ಸ್ಥಿತಿಯಲ್ಲಿ ದಯಾಮರಣಕ್ಕೆ ಅವಕಾಶ ಕೊಟ್ಟಿದೆ. ಪ್ರಶ್ನೆಯನ್ನು ಅದು ಮುಗಿಸಿಲ್ಲ. ಸಲ್ಲೇಖನದಲ್ಲಿ ಸಾಧಕನ ಅರಿವು ಮತ್ತು ಒಪ್ಪಿಗೆ ಮುಖ್ಯ. ಹಸುವಿನಿಂದ ಒಪ್ಪಿಗೆ ಪಡೆಯುವ ದಾರಿಯಿಲ್ಲದ್ದರಿಂದ ಆ ಹೋಲಿಕೆ ಇಲ್ಲಿ ಸಲ್ಲದು. ಆದರೆ ಕೊಲ್ಲಬಾರದೆಂದು ಹೇಳುವವರ ಮೇಲೆ ಒಂದು ಹೊಣೆ ಬೀಳುತ್ತದೆ: ಆ ಹಸುವಿನ ಪಕ್ಕದಲ್ಲಿ ಕೂರುವವರು ಯಾರೆಂದು ಅವರು ಹೇಳಬೇಕು. ಕೊಲ್ಲದೆ, ಆರೈಕೆಯನ್ನೂ ಮಾಡದೆ ಮೂಲೆಗೆ ಹಾಕಿದ ದನಕ್ಕೆ ಯಾವ ಸಿದ್ಧಾಂತವೂ ಒದಗುವುದಿಲ್ಲ.

ಈಗ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನ ತರುವಾಯ ಶಿವಮೊಗ್ಗದಲ್ಲೂ ಕಾಲೇಜಾಗಿದೆ. ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದ ರಸ್ತೆಯಲ್ಲಿ ವಾಹನ ವಸ್ತಾರೆ ದಾಟಿ ಒಳಗಿನ ಒಂಟಿಮನೆಗೆ ತಲುಪುವವರೆಗಿನ ಹೊತ್ತು, ಬಾಟಲಿ ಏರಿಸಿ ವೈದ್ಯ ಹೊರಟ ಮೇಲಿನ ರಾತ್ರಿ, ಇವೆರಡೂ ಇಂದಿಗೂ ಮನೆಯವರ ಪಾಲಿಗೇ ಬರುತ್ತವೆ. ಬಿದ್ದ ಹಸುವನ್ನು ಪಕ್ಕಕ್ಕೆ ಅಂಗಾತ ಬೀಳಲು ಬಿಡದೆ ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಹುಲ್ಲಿನ ಮೂಟೆ ಒತ್ತು ಕೊಡಬೇಕು. ಕೆಳಗಾದ ಕಾಲಿನ ಮಾಂಸ ಭಾರಕ್ಕೆ ಜಜ್ಜಿಹೋಗದಂತೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು. ಇಬ್ಬರು ಮೂವರಿಲ್ಲದೆ ಆಗುವ ಕೆಲಸವಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಪಕ್ಕದ ಲೈನುಮನೆಯ ಆಳುಗಳನ್ನು ಎಬ್ಬಿಸಿ ಕರೆತರುತ್ತಾರೆ. ಒದ್ದೆ ಸೊಪ್ಪು ತೆಗೆದು ಒಣ ಹುಲ್ಲು ಹಾಸಿ, ಗೋಣಿ ಹೊದಿಸಿ, ಕಿವಿ ಮುಟ್ಟಿ ನೋಡುತ್ತಾ ಬೆಳಗಿನವರೆಗೆ ಕಾಯುತ್ತಾರೆ. ಕುದುರೆ ಮುಂಗಾಲೂರಿ ಏಳುತ್ತದೆ. ದನ ಹಿಂಭಾಗವನ್ನು ಮೊದಲು ಎತ್ತುತ್ತದೆ. ಆದ್ದರಿಂದ ಅವರ ಕಣ್ಣೆಲ್ಲ ಹಸುವಿನ ಹಿಂಗಾಲಿನ ಮೇಲಿರುತ್ತದೆ.