ನಕ್ಷತ್ರ ಆಮೆ: ಪ್ರದೇಶವಾರು ವ್ಯತ್ಯಾಸಗಳು ಮತ್ತು ರೈತರಿಗೆ ಸಲಹೆಗಳು

ನಕ್ಷತ್ರ ಆಮೆಯು ಒಣಪ್ರದೇಶದ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಹೊಲದ ಬದುಗಳಲ್ಲಿ ವಾಸಿಸುವ ನೆಲದ ಆಮೆ. ಇದರ ವೈಜ್ಞಾನಿಕ ಹೆಸರು ಜಿಯೋಕೆಲೋನ್ ಎಲಿಗನ್ಸ್. ಹುಲ್ಲು, ಎಲೆ, ಹೂವು ಮತ್ತು ಉದುರಿದ ಹಣ್ಣುಗಳು ಇದರ ಮುಖ್ಯ ಆಹಾರ. ಸಾಕುವವರಿಗೆ ಮಾರುವ ಉದ್ದೇಶದಿಂದ ಇದನ್ನು ಅಕ್ರಮವಾಗಿ ಹಿಡಿಯಲಾಗುತ್ತಿದೆ.

ಹರಡುವಿಕೆ

ಈ ಪ್ರಭೇದವು ಮೂರು ಪ್ರತ್ಯೇಕ ಪ್ರದೇಶಗಳಲ್ಲಿ ಕಂಡುಬರುತ್ತದೆ.
1. ಗುಜರಾತ್, ರಾಜಸ್ಥಾನ ಹಾಗೂ ಅದಕ್ಕೆ ಹೊಂದಿದ ಪಾಕಿಸ್ತಾನದ ಭಾಗ
2. ಕರ್ನಾಟಕ, ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಒಣಪ್ರದೇಶ
3. ಶ್ರೀಲಂಕಾದ ಒಣವಲಯ

ಪ್ರದೇಶವಾರು ವ್ಯತ್ಯಾಸ

ವಾಯವ್ಯ ಭಾರತ ಹಾಗೂ ಶ್ರೀಲಂಕಾದ ಆಮೆಗಳು ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡವು. ದಕ್ಷಿಣ ಭಾರತದವು ಚಿಕ್ಕವು. ಅವುಗಳ ಕಪ್ಪು ಚಿಪ್ಪಿನ ಮೇಲೆ ಹಳದಿ ಕಿರಣಗಳು ಹೆಚ್ಚು ಸ್ಪಷ್ಟವಾಗಿರುತ್ತವೆ. ಇವುಗಳನ್ನು ಉಪಪ್ರಭೇದಗಳೆಂದು ವಿಂಗಡಿಸಿಲ್ಲವಾದರೂ, ವಾಯವ್ಯ ಮತ್ತು ದಕ್ಷಿಣದ ಗುಂಪುಗಳು ಅನುವಂಶಿಕವಾಗಿ ಭಿನ್ನವೆಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ.

ಆದರೆ ಚಿಪ್ಪನ್ನು ನೋಡಿದ ಮಾತ್ರಕ್ಕೆ ಆಮೆಯ ಮೂಲಸ್ಥಳವನ್ನು ನಿರ್ಧರಿಸಲಾಗದು. ಹೆಣ್ಣು ಆಮೆ ಗಂಡಿಗಿಂತ ದೊಡ್ಡದು. ಮರಿಗಳಲ್ಲಿ ಕಿರಣಗಳು ಕಡಿಮೆ. ವಯಸ್ಸಾದಂತೆ ಚಿಪ್ಪು ಸವೆದು ವಿನ್ಯಾಸ ಮಸುಕಾಗುತ್ತದೆ.

ಈ ತಿಳಿವಳಿಕೆ ಏಕೆ ಅಗತ್ಯ?

ವಶಪಡಿಸಿಕೊಂಡ ಅಥವಾ ಮನೆಯಲ್ಲಿ ಸಾಕಿದ ಆಮೆಯನ್ನು ಬೇರೆ ಪ್ರದೇಶದಲ್ಲಿ ಬಿಟ್ಟರೆ, ಅದು ಸ್ಥಳೀಯ ಆಮೆಗಳೊಡನೆ ಕೂಡಿ, ಆಯಾ ಪ್ರದೇಶಕ್ಕೆ ಹೊಂದಿಕೊಂಡ ಗುಣಗಳು ಕ್ರಮೇಣ ಕಲಬೆರಕೆಯಾಗಬಹುದು. ಬಂಧನದಲ್ಲಿ ತಗುಲಿದ ಉಸಿರಾಟದ ರೋಗವೂ ಕಾಡಿನ ಆಮೆಗಳಿಗೆ ಹರಡಬಹುದು. ಆದ್ದರಿಂದ ಸದುದ್ದೇಶದಿಂದ ಮಾಡಿದ ಬಿಡುಗಡೆಯೂ ಹಾನಿಕರವಾಗಬಲ್ಲದು.

ರೈತರಿಗೆ ಸಲಹೆಗಳು

• ಮಳೆಗಾಲದಲ್ಲಿ ಆಮೆಗಳ ಓಡಾಟ ಹೆಚ್ಚು. ಉಳುಮೆಗೆ ಮುನ್ನ ಬದುವಿನ ಅಂಚು ಹಾಗೂ ಪೊದೆಗಳನ್ನು ಗಮನಿಸಿರಿ.
• ಯಂತ್ರದ ದಾರಿಯಲ್ಲಿ ಆಮೆ ಕಂಡರೆ, ಅದೇ ಹೊಲದ ಬದುವಿಗೆ ಮಾತ್ರ ಸರಿಸಿರಿ. ದೂರದ ಕಾಡಿಗಾಗಲಿ ಕೆರೆಗಾಗಲಿ ಒಯ್ಯಬೇಡಿರಿ. ಇದು ನೀರಿನ ಆಮೆಯಲ್ಲ.
• ಬದುವಿನ ಒಣಹುಲ್ಲಿಗೆ ಬೆಂಕಿ ಹಚ್ಚಬೇಡಿರಿ.
• ಗಾಯಗೊಂಡ ಅಥವಾ ಯಾರೋ ಸಾಕಿದ ಆಮೆ ದೊರೆತರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿರಿ. ದೊರೆತ ಗ್ರಾಮ, ಸರ್ವೆ ನಂಬರ್ ಮತ್ತು ದಿನಾಂಕವನ್ನು ಬರೆದುಕೊಡಿರಿ. ಅದನ್ನು ಎಲ್ಲಿ ಬಿಡಬೇಕೆಂದು ನಿರ್ಧರಿಸಲು ಈ ವಿವರ ನೆರವಾಗುತ್ತದೆ.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಂತೆ ನಕ್ಷತ್ರ ಆಮೆಯು ಒಂದನೇ ಅನುಸೂಚಿಯಲ್ಲಿದೆ. ಇದನ್ನು ಹಿಡಿಯುವುದು, ಸಾಕುವುದು ಹಾಗೂ ಮಾರುವುದು ಶಿಕ್ಷಾರ್ಹ ಅಪರಾಧ. 2019ರಿಂದ ಸೈಟಿಸ್ ಒಪ್ಪಂದದ ಒಂದನೇ ಅನುಬಂಧಕ್ಕೂ ಇದು ಸೇರಿದ್ದು, ಕಾಡಿನಿಂದ ಹಿಡಿದ ಆಮೆಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರ ನಿಷಿದ್ಧವಾಗಿದೆ.